ಆಫೀಸಿನ ಕಂಪ್ಯೂಟರಿನಲ್ಲಿ ಎಕ್ಸೆಲ್ ತೆರೆಯುವಾಗಲೇ ನಿಂತುಬಿಡುತ್ತದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಆಫೀಸಿನಲ್ಲಿ ನನಗೆ ಕೊಟ್ಟಿರುವ ಕಂಪ್ಯೂಟರಿನಲ್ಲಿ ಮೂರು ವಾರದಿಂದ ಒಂದು ತೊಂದರೆ. ಎಕ್ಸೆಲ್ ಐಕಾನ್ ಒತ್ತಿದರೆ ಹಸಿರು ಚೌಕ ಬರುತ್ತದೆ, ಅಲ್ಲೇ ನಿಂತುಬಿಡುತ್ತದೆ. ಅದರ ಮೇಲೆ ಕ್ಲಿಕ್ ಮಾಡಿದರೆ 'ನಾಟ್ ರೆಸ್ಪಾಂಡಿಂಗ್' ಎನ್ನುತ್ತದೆ. ಸುಮ್ನೆ ಬಿಟ್ಟರೆ ಒಂದು ನಿಮಿಷದ ಒಳಗೆ ತಾನಾಗಿಯೇ ತೆರೆದುಕೊಳ್ಳುತ್ತದೆ. ಒಮ್ಮೆ ತೆರೆದ ಮೇಲೆ ದೊಡ್ಡ ಫೈಲ್ ಕೂಡ ಚೆನ್ನಾಗಿ ಓಡುತ್ತದೆ.

ವಿಂಡೋಸ್ 11, 16 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇದೆ. ವರ್ಡ್ ಚಕ್ಕನೆ ತೆರೆಯುತ್ತದೆ. ರೀಸ್ಟಾರ್ಟ್ ಮಾಡಿದೆ, ರಿಪೇರಿ ಮಾಡಿದೆ, ಕೊನೆಗೆ ಐಟಿಯವರು ಪೂರ್ತಿ ತೆಗೆದು ಮತ್ತೆ ಹಾಕಿಕೊಟ್ಟರು. ಏನೂ ಬದಲಾಗಲಿಲ್ಲ. ವಿಚಿತ್ರ ಏನೆಂದರೆ, ಸಹೋದ್ಯೋಗಿಯೊಬ್ಬರು ಇದೇ ಕಂಪ್ಯೂಟರಿನಲ್ಲಿ ತಮ್ಮ ಲಾಗಿನ್‌ನಿಂದ ತೆರೆದರೆ ಒಂದು ಕ್ಷಣವೂ ನಿಲ್ಲುವುದಿಲ್ಲ.

ಇದಕ್ಕೆ ಸಂಬಂಧ ಇಲ್ಲದಿರಬಹುದು, ಆದರೂ ಹೇಳುತ್ತೇನೆ. ತಿಂಗಳ ವರದಿಗೆ ಒಂದು ಶಾರ್ಟ್‌ಕಟ್ ಕೀ ಇತ್ತು, ಒತ್ತಿದರೆ ಮ್ಯಾಕ್ರೋ (ಎಕ್ಸೆಲ್ ಕೆಲಸವನ್ನು ತಾನಾಗಿಯೇ ಮಾಡುವ ಪುಟ್ಟ ಪ್ರೋಗ್ರಾಂ) ಓಡುತ್ತಿತ್ತು. ಈಗ ಒತ್ತಿದರೆ ಏನೂ ಆಗುವುದಿಲ್ಲ. ಬಹುಶಃ ಮತ್ತೆ ಇನ್‌ಸ್ಟಾಲ್ ಮಾಡಿದಾಗ ಹೋಗಿರಬೇಕು.

ಮೊದಲ ಉತ್ತರ

ಯಾವುದೋ ಆಡ್-ಇನ್, ಅಂದರೆ ಎಕ್ಸೆಲ್‌ಗೆ ಸೇರಿಸಿದ ಹೆಚ್ಚುವರಿ ಪ್ರೋಗ್ರಾಂ, ಇರಬೇಕು. ಕಂಟ್ರೋಲ್ ಕೀ ಒತ್ತಿ ಹಿಡಿದುಕೊಂಡು ಎಕ್ಸೆಲ್ ತೆರೆಯಿರಿ. ಸೇಫ್ ಮೋಡ್ (ಹೆಚ್ಚುವರಿಗಳಿಲ್ಲದೆ ತೆರೆಯುವ ವಿಧಾನ) ಬೇಕಾ ಎಂದು ಕೇಳುತ್ತದೆ, ಯೆಸ್ ಎನ್ನಿ. ಆಗ ಬೇಗ ತೆರೆದರೆ ಆಡ್-ಇನ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ.

ಪ್ರಶ್ನೆ ಕೇಳಿದವರು

ಸೇಫ್ ಮೋಡ್‌ನಲ್ಲಿ ತಕ್ಷಣ ತೆರೆಯಿತು! ಖುಷಿಯಿಂದ ಎಲ್ಲ ಆಡ್-ಇನ್ ಆಫ್ ಮಾಡಿದೆ. ಆದರೆ ಮಾಮೂಲಿಯಾಗಿ ತೆರೆದರೆ ಮತ್ತೆ ಅದೇ ಕಥೆ.

ಎರಡನೇ ಉತ್ತರ

ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ. ಆದರೆ ಊಹೆ ಮಾಡುವುದಕ್ಕಿಂತ ಮೊದಲು ಮೂರು ಸಣ್ಣ ಪರೀಕ್ಷೆ ಮಾಡಿ. ಯಾವುದಕ್ಕೂ ಅಡ್ಮಿನ್ ಅನುಮತಿ ಬೇಡ.

'ನಿಂತುಬಿಟ್ಟಿದೆ' ಎನ್ನುವುದರಲ್ಲಿ ಎರಡು ಬಗೆ. ಒಂದು, ಪ್ರೋಗ್ರಾಂ ಭಾರಿ ಕೆಲಸದಲ್ಲಿ ಮುಳುಗಿರುವುದು. ಇನ್ನೊಂದು, ಯಾರದೋ ಉತ್ತರಕ್ಕೆ ಕಾಯುತ್ತಾ ಕುಳಿತಿರುವುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕಿಟಕಿಯೊಂದು 5 ಸೆಕೆಂಡು ಸ್ಪಂದಿಸದಿದ್ದರೆ ಸಾಕು, ವಿಂಡೋಸ್ ಅದನ್ನು 'ನಾಟ್ ರೆಸ್ಪಾಂಡಿಂಗ್' ಎಂದು ಲೆಕ್ಕ ಹಾಕುತ್ತದೆ. ಯಾಕೆ ಎಂದು ಹೇಳುವುದಿಲ್ಲ. ಅದನ್ನು ನಾವೇ ಕಂಡುಹಿಡಿಯಬೇಕು.

ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ಎಕ್ಸೆಲ್ ಶುರು ಮಾಡಿ. ಅದು ನಿಂತಿರುವಾಗ ಅದರ ಸಾಲಿನಲ್ಲಿ ಸಿಪಿಯು ಎಷ್ಟಿದೆ ನೋಡಿ. ಆಮೇಲೆ ಗಡಿಯಾರ ಹಿಡಿದು ಎಷ್ಟು ಸೆಕೆಂಡು ನಿಲ್ಲುತ್ತದೆ ಎಂದು ಬರೆದುಕೊಳ್ಳಿ. ಮೂರು ಸಲ ಅಳೆಯಿರಿ, 'ಒಂದು ನಿಮಿಷದ ಒಳಗೆ' ಎಂದರೆ ಸಾಲದು. ಕೊನೆಯದಾಗಿ, ಕೆಲಸವನ್ನೆಲ್ಲ ಸೇವ್ ಮಾಡಿ, ನೆಟ್‌ವರ್ಕ್ ಕೇಬಲ್ ತೆಗೆದು, ವೈ-ಫೈ ಕೂಡ ಆಫ್ ಮಾಡಿ ಎಕ್ಸೆಲ್ ತೆರೆಯಿರಿ.

ಪ್ರಶ್ನೆ ಕೇಳಿದವರು

ಸಿಪಿಯು 0. ಆಗಾಗ 0.1 ಬರುತ್ತದೆ ಅಷ್ಟೆ. ಸಮಯ 42, 43, 42 ಸೆಕೆಂಡು. ಕೇಬಲ್ ತೆಗೆದರೆ 3 ಸೆಕೆಂಡಿನಲ್ಲಿ ತೆರೆಯಿತು. ನನಗೆ ನಂಬಲು ಆಗದೆ ಎರಡು ಸಲ ಮಾಡಿದೆ. ನೆಟ್‌ವರ್ಕ್ ಇಲ್ಲದಿದ್ದರೆ ಬೇಗ, ಇದ್ದರೆ ನಿಧಾನ. ಉಲ್ಟಾ ಅಲ್ವಾ ಇದು?

ಎರಡನೇ ಉತ್ತರ ಕೊಟ್ಟವರು

ಉಲ್ಟಾ ಅಲ್ಲ, ಸರಿಯಾಗಿಯೇ ಇದೆ. ನಿಮ್ಮ ಎಕ್ಸೆಲ್ ನೆಟ್‌ವರ್ಕ್‌ನಲ್ಲಿ ಈಗ ಇಲ್ಲದ ಒಂದು ಕಂಪ್ಯೂಟರನ್ನು ಹುಡುಕುತ್ತಿದೆ.

ಹೀಗೆ ನೋಡಿ. ಒಂದು ಮನೆಯ ಬಾಗಿಲು ತಟ್ಟಿದಾಗ ಒಳಗಿಂದ ಯಾರಾದರೂ 'ಇಲ್ಲ, ಹೋಗಿ' ಎಂದರೆ ತಕ್ಷಣ ವಾಪಸ್ ಬರುತ್ತೇವೆ. ಯಾರೂ ಮಾತನಾಡದಿದ್ದರೆ ಸ್ವಲ್ಪ ಕಾದು ಮತ್ತೆ ತಟ್ಟುತ್ತೇವೆ. ವಿಂಡೋಸ್ ಕೂಡ ಹಾಗೇ. ಉತ್ತರವೇ ಬರದ ವಿಳಾಸಕ್ಕೆ ಟಿಸಿಪಿ (ಕಂಪ್ಯೂಟರುಗಳು ಮಾತನಾಡಿಕೊಳ್ಳುವ ಒಂದು ವಿಧಾನ) ಸಂಪರ್ಕ ಕೇಳಿದರೆ, ಮತ್ತೆ ಮತ್ತೆ ಕೇಳಿ, ಸಾಮಾನ್ಯವಾಗಿ ಸುಮಾರು 21 ಸೆಕೆಂಡಿಗೆ ಕೈಬಿಡುತ್ತದೆ. ಎರಡು ಪ್ರಯತ್ನ ಎಂದರೆ 42. ನಿಮ್ಮ ಗಡಿಯಾರ ಅದನ್ನೇ ಹೇಳುತ್ತಿದೆ. ಭಾರಿ ಕೆಲಸದಿಂದ ಆಗುವ ತಡ ಹೀಗೆ ಪ್ರತಿ ಸಲ ಒಂದೇ ಲೆಕ್ಕಕ್ಕೆ ಬರುವುದಿಲ್ಲ, ಏರುಪೇರು ಇರುತ್ತದೆ. ಇನ್ನು ಕೇಬಲ್ ತೆಗೆದಾಗ ಬೀದಿಯೇ ಇಲ್ಲ, ತಟ್ಟಲು ಬಾಗಿಲು ಎಲ್ಲಿ? ಆ ಕ್ಷಣವೇ ಬಿಟ್ಟು ಮುಂದೆ ಹೋಗುತ್ತದೆ.

ಯಾರನ್ನು ಹುಡುಕುತ್ತಿದೆ ಎಂದು ಕಣ್ಣಾರೆ ನೋಡಬಹುದು. ಕಮಾಂಡ್ ಪ್ರಾಂಪ್ಟ್ ತೆರೆದಿಡಿ. ಎಕ್ಸೆಲ್ ನಿಂತಿರುವ ಹೊತ್ತಿನಲ್ಲೇ ನೆಟ್‌ಸ್ಟ್ಯಾಟ್ ಎಂದು ಟೈಪ್ ಮಾಡಿ, ಜಾಗ ಬಿಟ್ಟು ಅಡ್ಡಗೆರೆ ಹಾಕಿ, ಎ, ಎನ್, ಒ ಮೂರೂ ಅಕ್ಷರ ಸೇರಿಸಿ (netstat -ano) ಎಂಟರ್ ಒತ್ತಿ. ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ 'ಸಿನ್ ಸೆಂಟ್' (SYN_SENT) ಎಂದಿರುವ ಸಾಲು ಹುಡುಕಿ. ಬಾಗಿಲು ತಟ್ಟಿ ಉತ್ತರಕ್ಕೆ ಕಾಯುತ್ತಿರುವ ಸಾಲು ಅದೇ. ವಿಳಾಸದ ಕೊನೆಯಲ್ಲಿ 445 ಇದ್ದರೆ ಅದು ವಿಂಡೋಸ್ ಫೈಲ್ ಹಂಚಿಕೆಯ ಪೋರ್ಟ್, ಅಂದರೆ ಯಾವುದೋ ಶೇರ್ಡ್ ಫೋಲ್ಡರ್ ಹುಡುಕುತ್ತಿದೆ ಎಂದರ್ಥ. ಇಲ್ಲಿ ತುಂಬಾ ಜನ ಎಡವುತ್ತಾರೆ: ಕೊನೆಯ ಕಾಲಂನಲ್ಲಿ (ಓಡುತ್ತಿರುವ ಪ್ರೋಗ್ರಾಂಗೆ ವಿಂಡೋಸ್ ಕೊಟ್ಟ ನಂಬರ್ ಅಲ್ಲಿರುತ್ತದೆ) ಎಕ್ಸೆಲ್‌ನ ನಂಬರ್ ಹುಡುಕುತ್ತಾರೆ, ಸಿಗುವುದಿಲ್ಲ. ಶೇರ್ಡ್ ಫೋಲ್ಡರಿನ ಸಂಪರ್ಕವನ್ನು ಎಕ್ಸೆಲ್ ಪರವಾಗಿ ವಿಂಡೋಸಿನ 'ಸಿಸ್ಟಮ್' ಮಾಡುತ್ತದೆ. ಹಾಗಾಗಿ ಅಲ್ಲಿ ಕಾಣುವ ನಂಬರ್ 4.

ಈಗ ನನ್ನ ಊಹೆ. ಸೇಫ್ ಮೋಡ್‌ನಲ್ಲಿ ಎಕ್ಸೆಲ್ ಕೈಬಿಡುವುದು ಆಡ್-ಇನ್‌ಗಳನ್ನಷ್ಟೇ ಅಲ್ಲ. ಶುರುವಾಗುವಾಗ ತಾನಾಗಿಯೇ ಫೈಲ್ ತೆರೆಯುವ ಎಕ್ಸ್‌ಎಲ್‌ಸ್ಟಾರ್ಟ್ (XLSTART) ಫೋಲ್ಡರನ್ನೂ, ಅಂಥದ್ದೇ ಇನ್ನೊಂದು ಪರ್ಯಾಯ ಸ್ಟಾರ್ಟಪ್ ಜಾಗವನ್ನೂ ಕೈಬಿಡುತ್ತದೆ. ಆ ಪರ್ಯಾಯ ಜಾಗದ ಸೆಟ್ಟಿಂಗ್ ಒಬ್ಬೊಬ್ಬ ಬಳಕೆದಾರರಿಗೆ ಬೇರೆ ಬೇರೆ. ಅದಕ್ಕೇ ನಿಮ್ಮ ಸಹೋದ್ಯೋಗಿಗೆ ತೊಂದರೆ ಇಲ್ಲ. ಮತ್ತೆ ಇನ್‌ಸ್ಟಾಲ್ ಮಾಡಿದರೂ ಇಂಥ ಸೆಟ್ಟಿಂಗ್ ಸಾಮಾನ್ಯವಾಗಿ ಹಾಗೇ ಉಳಿದಿರುತ್ತದೆ. ಅದಕ್ಕೇ ನಿಮ್ಮ ಐಟಿಯವರ ಶ್ರಮ ಫಲ ಕೊಡಲಿಲ್ಲ. ಕಾಣೆಯಾದ ಮ್ಯಾಕ್ರೋಗೆ ಸಂಬಂಧ ಇಲ್ಲ ಎಂದಿರಿ. ನನಗೆ ಎಲ್ಲಕ್ಕಿಂತ ಜಾಸ್ತಿ ಸುಳಿವು ಕೊಟ್ಟಿದ್ದೇ ಅದು.

ಎಕ್ಸೆಲ್‌ನಲ್ಲಿ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್‌ಗೆ ಹೋಗಿ. ಕೆಳಗೆ ಜನರಲ್ ಭಾಗದಲ್ಲಿ 'ಅಟ್ ಸ್ಟಾರ್ಟಪ್, ಓಪನ್ ಆಲ್ ಫೈಲ್ಸ್ ಇನ್' ಎಂಬ ಪೆಟ್ಟಿಗೆ ಇರುತ್ತದೆ. ಅದರಲ್ಲಿ ಏನಿದೆ ಹೇಳಿ. ಅಳಿಸುವ ಮೊದಲು ಬರೆದುಕೊಳ್ಳಿ.

ಪ್ರಶ್ನೆ ಕೇಳಿದವರು

ಸಿಕ್ಕಿತು! ಸಿನ್ ಸೆಂಟ್, 445, ಕೊನೆಯಲ್ಲಿ 4, ನೀವು ಹೇಳಿದ ಹಾಗೇ. ಆ ಪೆಟ್ಟಿಗೆಯಲ್ಲಿ ನಮ್ಮ ಹಳೆಯ ಫೈಲ್ ಸರ್ವರಿನ ಒಂದು ಫೋಲ್ಡರ್ ಇತ್ತು. ಐಟಿಯವರನ್ನು ಕೇಳಿದೆ. ಆ ಸರ್ವರನ್ನು ಮೂರು ವಾರದ ಹಿಂದೆ ನಿಲ್ಲಿಸಿದ್ದಾರೆ. ಆದರೆ ಅದರ ಹೆಸರು ಡಿಎನ್‌ಎಸ್‌ನಲ್ಲಿ (ಕಂಪ್ಯೂಟರಿನ ಹೆಸರಿಗೆ ವಿಳಾಸ ಹೇಳುವ ವ್ಯವಸ್ಥೆ) ಇನ್ನೂ ಉಳಿದಿತ್ತಂತೆ. ಅಂದರೆ ವಿಳಾಸ ಸಿಗುತ್ತಿತ್ತು, ಬಾಗಿಲು ತೆರೆಯುವವರು ಇರಲಿಲ್ಲ. ಈ ಕೆಲಸದಲ್ಲಿ ನನಗಿಂತ ಮೊದಲು ಇದ್ದವರು ಬರೆದ ವರದಿ ಮ್ಯಾಕ್ರೋ ಆ ಫೋಲ್ಡರಿನಲ್ಲಿತ್ತು. ನಾನು ಸೇರಿದಾಗ ಯಾರೋ ಈ ಸೆಟ್ಟಿಂಗ್ ಹಾಕಿಕೊಟ್ಟಿರಬೇಕು.

ಪೆಟ್ಟಿಗೆ ಖಾಲಿ ಮಾಡಿದೆ. ಈಗ 3 ಸೆಕೆಂಡು. ಮ್ಯಾಕ್ರೋ ಫೈಲ್ ಹೊಸ ಸರ್ವರಿನಲ್ಲಿ ಸಿಕ್ಕಿದೆ. ಆ ಪೆಟ್ಟಿಗೆಯಲ್ಲಿ ಹೊಸ ಫೋಲ್ಡರ್ ಹಾಕಲೇ?

ಎರಡನೇ ಉತ್ತರ ಕೊಟ್ಟವರು

ಬೇಡ. ಆ ಪೆಟ್ಟಿಗೆಯಲ್ಲಿ ಹಾಕಿದ ಫೋಲ್ಡರಿನಿಂದ ಎಕ್ಸೆಲ್ ತನಗೆ ತೆರೆಯಲು ಬರುವ ಎಲ್ಲ ಫೈಲನ್ನೂ ತೆರೆಯಲು ನೋಡುತ್ತದೆ. ಹತ್ತು ಜನ ಫೈಲ್ ಹಾಕುವ ಜಾಗ ಅದಾದರೆ ಯಾರದೋ ಫೈಲ್ ನಿಮ್ಮ ಕಂಪ್ಯೂಟರಿನಲ್ಲಿ ನೀವು ಕೇಳದೆಯೇ ತೆರೆದುಕೊಳ್ಳುತ್ತದೆ. ಅದು ಸುರಕ್ಷಿತ ಅಲ್ಲ. ಆ ಒಂದು ಮ್ಯಾಕ್ರೋ ಫೈಲನ್ನು ಐಟಿಯವರ ಒಪ್ಪಿಗೆ ಪಡೆದು ನಿಮ್ಮದೇ ಎಕ್ಸ್‌ಎಲ್‌ಸ್ಟಾರ್ಟ್ ಫೋಲ್ಡರಿಗೆ ಕಾಪಿ ಮಾಡಿಕೊಳ್ಳಿ. ನಿಮ್ಮ ವಿಭಾಗದಲ್ಲಿ ಇನ್ನೂ ಕೆಲವರು ಇದೇ 42 ಸೆಕೆಂಡು ಕಾಯುತ್ತಿರಬಹುದು. ಡಿಎನ್‌ಎಸ್‌ನ ಆ ಹಳೆಯ ಹೆಸರು ತೆಗೆಯಲು ಐಟಿಯವರಿಗೆ ಹೇಳಿ, ಜೊತೆಗೆ ಈ ಸೆಟ್ಟಿಂಗ್ ಬಗ್ಗೆಯೂ ತಿಳಿಸಿ.

ಇನ್ನೊಬ್ಬರು

ಇದನ್ನು ಓದಿ ನಾನೂ ಪರೀಕ್ಷೆ ಮಾಡಿದೆ. ನನ್ನದು ಬೇರೆ ತಂತ್ರಾಂಶ, ಡ್ರಾಯಿಂಗ್ ಮಾಡುವುದು. ಸಿಪಿಯು 0, ಕೇಬಲ್ ತೆಗೆದರೆ ಬೇಗ ತೆರೆಯುತ್ತದೆ. ಆದರೆ ಸ್ಟಾರ್ಟಪ್ ಫೋಲ್ಡರ್ ಎಂಬ ಸೆಟ್ಟಿಂಗ್ ಇಲ್ಲವೇ ಇಲ್ಲ.

ಎರಡನೇ ಉತ್ತರ ಕೊಟ್ಟವರು

ನೆಟ್‌ವರ್ಕ್ ಪ್ರಿಂಟರ್ ಡೀಫಾಲ್ಟ್ ಆಗಿದೆಯಾ ನೋಡಿ. ಪುಟದ ಅಳತೆ ತಿಳಿಯಲು ಎಷ್ಟೋ ತಂತ್ರಾಂಶಗಳು ಶುರುವಾಗುವಾಗಲೇ ಡೀಫಾಲ್ಟ್ ಪ್ರಿಂಟರನ್ನು ಮಾತನಾಡಿಸುತ್ತವೆ. ತಾತ್ಕಾಲಿಕವಾಗಿ 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್' ಅನ್ನು ಡೀಫಾಲ್ಟ್ ಮಾಡಿ ತೆರೆಯಿರಿ. ಅದೂ ಅಲ್ಲವಾದರೆ ಲೈಸೆನ್ಸ್ ಸರ್ವರ್, ಮ್ಯಾಪ್ ಮಾಡಿದ ಡ್ರೈವ್, ಇತ್ತೀಚಿನ ಫೈಲ್‌ಗಳ ಪಟ್ಟಿ, ಈ ಕ್ರಮದಲ್ಲಿ ನೋಡಿ. ನೆಟ್‌ಸ್ಟ್ಯಾಟ್ ಸಾಲು ಸಿಕ್ಕರೆ ಪೋರ್ಟ್ ನಂಬರ್ ಇಲ್ಲಿ ಹಾಕಿ. ಆಫೀಸಿನ ಒಳಗಿನ ವಿಳಾಸ ಹಾಕಬೇಡಿ.

ಇನ್ನೊಬ್ಬರು

ಪ್ರಿಂಟರೇ. ಹಿಂದಿನ ಮಹಡಿಯಲ್ಲಿದ್ದಾಗ ಹಾಕಿಕೊಂಡಿದ್ದು, ಈಗ ಆ ಯಂತ್ರವೇ ಅಲ್ಲಿಲ್ಲ. ಪಟ್ಟಿಯಿಂದ ತೆಗೆದೆ, ತಂತ್ರಾಂಶ ತಕ್ಷಣ ತೆರೆಯಿತು. ತುಂಬಾ ಥ್ಯಾಂಕ್ಸ್.