ಖಾರದ ಥಾಯ್, ಚೈನೀಸ್ ಜೊತೆ ಯಾವ ಬಿಯರ್? ನಮ್ಮ ಗುಂಪಿನ ಅನುಭವ

ಧಾರವಾಡದವರೊಬ್ಬರು ಕೇಳಿದ್ದಾರೆ: ಶನಿವಾರ ಎಂಟು ಮಂದಿ ಹುಬ್ಬಳ್ಳಿಯ ಪಬ್‌ಗೆ ಹೊರಟಿದ್ದೇವೆ. ಮೆನುವಿನಲ್ಲಿ ಥಾಯ್, ಚೈನೀಸ್, ಕೊರಿಯನ್, ಜಪಾನಿ ಎಲ್ಲಾ ಇದೆ. ಕ್ರಾಫ್ಟ್ ಬಿಯರ್ (ಸಣ್ಣ ಪ್ರಮಾಣದಲ್ಲಿ ತಯಾರಿಸುವ ಬಿಯರ್) ನಾಲ್ಕೈದು ಬಗೆ ಇದೆ. ಯಾವುದಕ್ಕೆ ಯಾವುದು ಹೊಂದುತ್ತದೆ? ಮೂವರು ಸಸ್ಯಾಹಾರಿಗಳು ಬೇರೆ ಇದ್ದಾರೆ.

ನಾವು ನಾಲ್ಕು ಜನ ದೋಸ್ತರು ಎರಡು ವರ್ಷದಿಂದ ತಿಂಗಳಿಗೊಮ್ಮೆ ಹೀಗೆ ಕೂಡುತ್ತೇವೆ. ಆಗಾಗ ಅಣ್ಣ, ವೈನಿಯೂ (ಅಣ್ಣನ ಹೆಂಡತಿ) ಬರುತ್ತಾರೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು, ಖಾರದ ತಿನಿಸಿನ ಜೊತೆ ಐಪಿಎ ತರಿಸಬೇಡಿ. ಇಂಡಿಯಾ ಪೇಲ್ ಏಲ್ ಅಂದರೆ ಹಾಪ್ಸ್ ಹೂವಿನ ಕಹಿ ಜಾಸ್ತಿ ಇರುವ ಬಿಯರ್. ಆಲ್ಕೋಹಾಲ್ ಕೂಡ ಶೇಕಡ 6-7ರ ಆಸುಪಾಸು. ನಮ್ಮ ಮೊದಲ ಸಲ ಆಗಿದ್ದೇ ಇದು. ಒಬ್ಬ ದೋಸ್ತ ಸಿಚುವಾನ್ ಚಿಕನ್ ಹೇಳಿದ. ತಟ್ಟೆಯಲ್ಲಿ ಕೋಳಿ ತುಂಡಿಗಿಂತ ಒಣಮೆಣಸಿನಕಾಯಿಯೇ ಹೆಚ್ಚು. ಅವನು ಸಾವಜಿ ಊಟವನ್ನು ಬೆವರದೆ ಉಣ್ಣುವ ಮನುಷ್ಯ, ನಾವೂ ಸುಮ್ನೆ ಇದ್ದೆವು. ಎರಡು ತುಂಡು ತಿಂದ. ಉರಿ ಆರಲಿ ಅಂತ ಐಪಿಎ ಒಂದು ದೊಡ್ಡ ಗುಟುಕು ಎಳೆದ. ತಕ್ಷಣ ಗ್ಲಾಸು ದೂರ ಸರಿಸಿ, "ಯಪ್ಪಾ, ಬಾಯಿಗೆ ಕೆಂಡ ಇಟ್ಟಂಗ ಆತು, ಮೊಸರು ತರಸ್ರಲೇ" ಅಂದ. ಕಣ್ಣಲ್ಲಿ ನೀರು. ಮೊಸರು ಅಲ್ಲಿ ಸಿಗಲಿಲ್ಲ. ಪಕ್ಕದ ಬಟ್ಟಲಿನ ತೆಂಗಿನಹಾಲಿನ ಸಾರು ಎರಡು ಚಮಚ ಕುಡಿದ ಮೇಲೆ ಅವನು ಸರಿಯಾದ.

ಆಮೇಲೆ ಕಾರಣ ಹುಡುಕಿದೆವು. ಮೆಣಸಿನಕಾಯಿಯ ಖಾರ ನೀರಿನಲ್ಲಿ ಕರಗುವುದಿಲ್ಲ. ಬಿಯರ್‌ನಲ್ಲಿ ಬಹುಪಾಲು ನೀರೇ, ಹಾಗಾಗಿ ಅದು ಖಾರವನ್ನು ತೊಳೆಯುವುದಿಲ್ಲ. ಆಲ್ಕೋಹಾಲ್ ಬಾಯಿಯ ಉರಿ ಹಿಡಿಯುವ ನರಗಳನ್ನು ಇನ್ನಷ್ಟು ಕೆಣಕುತ್ತದೆ. ಗಾಳಿಗುಳ್ಳೆಯೂ ಚುಚ್ಚುತ್ತದೆ. ಮೇಲೆ ಹಾಪ್ಸ್ ಕಹಿ ಬೇರೆ. ಜಿಡ್ಡು, ಹಾಲು, ಮೊಸರು, ತೆಂಗಿನಹಾಲು ಇವೇ ಖಾರ ಇಳಿಸುವುದು. ಖಡಕ್ ರೊಟ್ಟಿ ಊಟದಲ್ಲಿ ಕೆನೆಮೊಸರು ಯಾಕೆ ಇರುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಇನ್ನೊಂದು ವಿಷಯ ನಮ್ಮ ಕಡೆಯವರಿಗೆ ಬಹಳ ಮುಖ್ಯ. ನಮ್ಮ ಗುಂಪಿನಲ್ಲಿ ಒಬ್ಬನ ಮನೆಯವರದು ಬ್ಯಾಡಗಿ ಪೇಟೆಯಲ್ಲಿ ಅಡತಿ ಅಂಗಡಿ. ಅವನು ಹೇಳಿದ ಮೇಲೆ ನನಗೆ ಹೊಳೆಯಿತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅದನ್ನೇ ತಿಂದು ಬೆಳೆದವರು ಕೆಂಪಗಿದ್ದದ್ದಕ್ಕೆ ಹೆದರುವುದಿಲ್ಲ, ಹಸಿರಾಗಿದ್ದದ್ದು ತಂಪು ಅಂದುಕೊಳ್ಳುತ್ತೇವೆ. ಥಾಯ್ ಗ್ರೀನ್ ಕರಿ ಆ ಲೆಕ್ಕ ತಪ್ಪಿಸುತ್ತದೆ. ಅದರ ಹಸಿರು ಬರುವುದೇ ಹಸಿಮೆಣಸಿನಕಾಯಿ ಅರೆದು, ಅದೂ ಸೂಜಿಮೆಣಸಿನಂಥ ಸಣ್ಣ, ಚುರುಕು ಕಾಯಿ. ನೋಡಲು ಕೊತ್ತಂಬರಿ ಚಟ್ನಿ ಹಾಗೆ ಇರುತ್ತದೆ, ಮೂರನೇ ತುತ್ತಿಗೆ ಏರುತ್ತದೆ. ಬಣ್ಣ ನೋಡಿ ಬಿಯರ್ ಆರಿಸಬೇಡಿ, ಎಷ್ಟು ಖಾರ ಅಂತ ಕೇಳಿ ಆರಿಸಿ.

ಹಾಗಾದರೆ ಏನು ತರಿಸಬೇಕು? ಗೋಧಿ ಬಿಯರ್. ಇದನ್ನು ನಾನು ಕಣ್ಣು ಮುಚ್ಚಿ ಹೇಳುತ್ತೇನೆ. ಮೆನುವಿನಲ್ಲಿ ವೀಟ್ ಬಿಯರ್, ವಿಟ್‌ಬಿಯರ್, ಹೆಫೆವೈಜನ್ ಅಂತ ಇರುತ್ತದೆ. ಕಹಿ ತೀರಾ ಕಡಿಮೆ, ಆಲ್ಕೋಹಾಲ್ ಶೇಕಡ 5ರ ಆಸುಪಾಸು. ಇವುಗಳಲ್ಲೂ ಎರಡು ಜಾತಿ ಇದೆ. ಬೆಲ್ಜಿಯಂನ ವಿಟ್‌ಬಿಯರ್‌ಗೆ ಕಿತ್ತಳೆ ಸಿಪ್ಪೆ ಮತ್ತು ಹವೀಜ (ಕೊತ್ತಂಬರಿ ಬೀಜ) ಹಾಕಿ ಕುದಿಸುತ್ತಾರೆ. ಹೌದು, ನಮ್ಮ ಮಸಾಲೆ ಡಬ್ಬಿಯ ಹವೀಜವೇ. ಆ ಬಗೆ ಒಂದು ಕಾಲಕ್ಕೆ ನಿಂತೇ ಹೋಗಿತ್ತು. ಹೂಗಾರ್ಡನ್ ಊರಿನ ಪಿಯರ್ ಸೆಲಿಸ್ 1960ರ ದಶಕದಲ್ಲಿ ಅದನ್ನು ಮತ್ತೆ ಶುರು ಮಾಡಿದರು. ಥಾಯ್ ಕರಿಯಲ್ಲಿರುವ ನಿಂಬೆಹುಲ್ಲು, ನಿಂಬೆ ಎಲೆ, ತೆಂಗಿನಹಾಲು ಇವಕ್ಕೂ ಈ ಬಿಯರ್‌ನ ಕಿತ್ತಳೆ ವಾಸನೆಗೂ ಬೀಗತನ ಇದ್ದ ಹಾಗೆ ಇರುತ್ತದೆ. ಜರ್ಮನಿಯ ಹೆಫೆವೈಜನ್‌ನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬರುತ್ತದೆ. ಆದರೆ ಅದಕ್ಕೆ ಬಾಳೆಹಣ್ಣೂ ಹಾಕುವುದಿಲ್ಲ, ಲವಂಗವೂ ಹಾಕುವುದಿಲ್ಲ. ಎರಡೂ ಯೀಸ್ಟ್ ಕೊಡುವ ವಾಸನೆ. ಇದು ಸ್ವಲ್ಪ ಸಿಹಿ ಇರುವ ಸಾಸ್‌ಗಳಿಗೆ ಚಲೋ.

ಒಂದು ಸಲ ಗ್ರೀನ್ ಕರಿ ಜೊತೆ ಎರಡೂ ತರಿಸಿ ಅಕ್ಕಪಕ್ಕ ಇಟ್ಟು ನೋಡಿದೆವು. ಒಂದು ತುತ್ತು ಅನ್ನ ಕರಿ, ಒಂದು ಗುಟುಕು ವಿಟ್‌ಬಿಯರ್. ನಾಲಿಗೆಯ ಮೇಲೆ ಮೊದಲು ತೆಂಗಿನ ಜಿಡ್ಡು ಹೋಯಿತು, ಆಮೇಲೆ ನಿಂಬೆ ವಾಸನೆ ಇನ್ನೂ ಎದ್ದು ಬಂತು. ಹೆಫೆವೈಜನ್ ಜೊತೆ ಅದೇ ಕರಿ ಸ್ವಲ್ಪ ಭಾರ ಅನಿಸಿತು. ನಾಲ್ವರಲ್ಲಿ ಮೂವರು ವಿಟ್‌ಬಿಯರ್ ಕಡೆ.

ಸಿಚುವಾನ್ ತಿನಿಸಿನಲ್ಲಿ ಮೆಣಸಿನಕಾಯಿ ಅಲ್ಲದೆ ನಾಲಿಗೆ ಜುಮ್ಮೆನ್ನಿಸುವ ಒಂದು ಕಾಳೂ ಇರುತ್ತದೆ. ಕರಾವಳಿ ಕಡೆ ಮೀನಿನ ಸಾರಿಗೆ ಹಾಕುವ ಜುಮ್ಮನಕಾಯಿ ಅದೇ ಕುಲದ್ದು. ನಾಲಿಗೆ ಜೋಮು ಹಿಡಿದ ಮೇಲೆ ಒಳ್ಳೆಯ ಬಿಯರ್‌ನ ರುಚಿ ಗೊತ್ತಾಗುವುದಿಲ್ಲ. ಆದ್ದರಿಂದ ಅದನ್ನು ಕೊನೆಗೆ ತರಿಸಿ.

ಐಪಿಎ ಬೇಕೇ ಬೇಕು ಅನ್ನುವವರಿದ್ದರೆ ಕರಿದ ತಿಂಡಿ ಹೇಳಿ. ಸ್ಪ್ರಿಂಗ್ ರೋಲ್, ತರಕಾರಿ ಟೆಂಪುರಾ. ಕಹಿ ಎಣ್ಣೆಜಿಡ್ಡನ್ನು ಚೆನ್ನಾಗಿ ಕತ್ತರಿಸುತ್ತದೆ. ಶೇಂಗಾ ಸಾಸ್ ಹಾಕಿದ ಸಾಟೇಗೆ (ಕಡ್ಡಿಗೆ ಚುಚ್ಚಿ ಸುಟ್ಟ ತುಂಡುಗಳು) ಬ್ರೌನ್ ಏಲ್ ಅಥವಾ ಆಂಬರ್ ಏಲ್. ಹುರಿದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ವಾಸನೆ, ಹುರಿದ ಶೇಂಗಾ ವಾಸನೆ ಒಂದಕ್ಕೊಂದು ಕೂಡುತ್ತವೆ. ಕೊರಿಯನ್ ಸಿಹಿಖಾರದ ಚಿಕನ್‌ಗೂ ಆಂಬರ್ ನಡೆಯುತ್ತದೆ. ಸ್ಟೌಟ್ ಕಪ್ಪಗೆ, ಕಾಫಿಯ ಹಾಗೆ ಇರುತ್ತದೆ. ಸೋಯಾ ಸಾಸ್‌ನಲ್ಲಿ ಹುರಿದ ಅಣಬೆಗೆ ಅದು ಸರಿ. ಸುಶಿಗೆ ಹಗುರ ಲಾಗರ್, ಅಂದರೆ ಎಲ್ಲೆಡೆ ಸಿಗುವ ಮಾಮೂಲಿ ಬಿಯರ್ ಬಗೆ, ಸಾಕು.

ಸಸ್ಯಾಹಾರಿಗಳ ವಿಷಯ ದಯವಿಟ್ಟು ಹಗುರವಾಗಿ ತಗೋಬೇಡಿ. ಒಂದು ಪಬ್‌ನಲ್ಲಿ ವೈನಿಗೆ ವೆಜ್ ಥಾಯ್ ಕರಿ ಹೇಳಿದ್ದೆವು. ಮೆನುವಿನಲ್ಲಿ ಹಸಿರು ಚುಕ್ಕೆ ಇತ್ತು. ವೈನಿಗೆ ಯಾಕೋ ವಾಸನೆ ಸರಿ ಅನಿಸಲಿಲ್ಲ. "ಒಮ್ಮೆ ಒಳಗ ಕೇಳಿ ಬರ್ರಿ ತಮ್ಮಾ" ಅಂತ ಹುಡುಗನನ್ನು ಕಳಿಸಿದರು. ಅವನು ಬಂದು, ಮಸಾಲೆ ಪೇಸ್ಟ್‌ನಲ್ಲಿ ಸಿಗಡಿ ಇದೆ ಅಂದ. ಪುಣ್ಯಕ್ಕೆ ವೈನಿ ಇನ್ನೂ ಚಮಚ ಮುಟ್ಟಿರಲಿಲ್ಲ. ಥಾಯ್ ಪೇಸ್ಟ್‌ನಲ್ಲಿ ಸಿಗಡಿ, ಪಾಡ್ ಥಾಯ್‌ನಲ್ಲಿ ಫಿಶ್ ಸಾಸ್, ಕೊರಿಯನ್ನರ ಹುಳಿ ತರಕಾರಿ ಕಿಮ್ಚಿಯಲ್ಲಿ ಮೀನಿನ ಸಾಸ್, ಚೈನೀಸ್ ತರಕಾರಿಗೆ ಆಯ್ಸ್ಟರ್ ಸಾಸ್, ಜಪಾನಿ ಮಿಸೊ ಸೂಪಿಗೆ ಒಣಮೀನಿನ ಕಟ್ಟು. ಇವೆಲ್ಲ ಆಯಾ ಅಡುಗೆಯ ಮೂಲ ಪದ್ಧತಿಯಲ್ಲೇ ಇವೆ. ಅದಕ್ಕೇ ಟೇಬಲ್ ಬುಕ್ ಮಾಡುವಾಗಲೇ ಫೋನಿನಲ್ಲಿ, "ಪೇಸ್ಟ್ ನೀವೇ ಅರೆಯುತ್ತೀರಾ, ಡಬ್ಬಿಯದಾ?" ಅಂತ ಕೇಳಿ. ಡಬ್ಬಿಯದಾದರೆ ಅದರ ಮೇಲೆ ಬರೆದದ್ದನ್ನು ಓದಿ ಹೇಳಲು ಹೇಳಿ.

ಎಂಟು ಮಂದಿ ಅಂದಿರಲ್ಲ, ಎಲ್ಲರಿಗೂ ಒಂದೇ ಪಿಚರ್ (ದೊಡ್ಡ ಜಗ್) ತರಿಸಬೇಡಿ. ರುಚಿ ನೋಡಲು ಸಣ್ಣ ಗ್ಲಾಸ್‌ಗಳಲ್ಲಿ ಕೊಡುತ್ತಾರಾ ಕೇಳಿ. ಗೋಧಿ ಬಿಯರ್‌ನಿಂದ ಶುರು ಮಾಡಿ ಕಹಿ, ಕಪ್ಪು ಬಿಯರ್ ಕಡೆ ಹೋಗಿ. ಮಧ್ಯೆ ನೀರು, ಬಿಳಿ ಅನ್ನ ಇರಲಿ. ಕುಡಿಯದವರಿಗೆ ಉಪ್ಪು ಹಾಕಿದ ನಿಂಬೆ ಸೋಡಾ ಈ ಊಟಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ನಮ್ಮ ವೈನಿ ಅದನ್ನೇ ತಗೊಳ್ಳೋದು. ಧಾರವಾಡದಿಂದ ಬರುವಾಗ ಚಿಗರಿ ಬಸ್ ಹತ್ತಿ ಬನ್ನಿ, ವಾಪಸ್ ಹೋಗಲು ಗಾಡಿ ಮೊದಲೇ ಹೇಳಿಡಿ. ಬೈಕ್ ಮಾತ್ರ ತರಬೇಡಿ.

ಇಲ್ಲಿ ಯಾರಾದರೂ ಕಿಮ್ಚಿಯ ಹುಳಿಗೆ ಒಳ್ಳೆಯ ಜೋಡಿ ಕಂಡಿದ್ದರೆ ಬರೆಯಿರಿ. ನಾವು ಪೇಲ್ ಏಲ್, ಲಾಗರ್ ಎರಡೂ ನೋಡಿದೆವು, ಯಾವುದೂ ಮನಸ್ಸಿಗೆ ಬರಲಿಲ್ಲ.