ಸಾರ್ವಜನಿಕ ಇತಿಹಾಸದ ಕೆಲಸಕ್ಕೆ ಕಲಬುರಗಿಯಲ್ಲಿದ್ದುಕೊಂಡೇ ಅನುಭವ ಪಡೆಯಬಹುದೇ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಕಲಬುರಗಿಯಲ್ಲಿ ಇತಿಹಾಸದ ಎಂ.ಎ. ಮುಗಿಸುತ್ತಿದ್ದೇನೆ. ವಸ್ತುಸಂಗ್ರಹಾಲಯ, ಸ್ಮಾರಕ, ಮೌಖಿಕ ಇತಿಹಾಸಗಳ ಮೂಲಕ ಜನರಿಗೆ ಚರಿತ್ರೆ ತಲುಪಿಸುವ ಕೆಲಸ ಮಾಡಬೇಕೆಂದಿದ್ದೇನೆ. ವಿಚಾರಿಸಿದಲ್ಲೆಲ್ಲ ಅನುಭವ ಕೇಳುತ್ತಾರೆ. ಬೆಂಗಳೂರಿಗೆ ಹೋಗದೆ ಅದನ್ನು ಪಡೆಯಲು ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. ನೀವೇ ಕೈಗೆತ್ತಿಕೊಂಡು ಮುಗಿಸಿದ ಒಂದು ಕೆಲಸವನ್ನು ಆಯ್ಕೆ ಮಾಡುವವರ ಮುಂದಿಡಿ. ಅದಕ್ಕಿರುವ ಬೆಲೆ ಪ್ರಮಾಣಪತ್ರಕ್ಕಿಲ್ಲ.

ನನ್ನ ಸಲಹೆ ಮೌಖಿಕ ಇತಿಹಾಸದಿಂದ ಆರಂಭಿಸಿ ಎಂಬುದು, ಏಕೆಂದರೆ ನಿಜಾಮರ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯನ್ನು ಹತ್ತು ವರ್ಷದವರಾಗಿ ಕಂಡವರು ಈಗ ತೊಂಬತ್ತರ ಹತ್ತಿರದಲ್ಲಿದ್ದಾರೆ. "ರಜಾಕಾರರ (ನಿಜಾಮರ ಪರವಾಗಿದ್ದ ಸಶಸ್ತ್ರ ಪಡೆಯವರ) ಕಾಲದಲ್ಲಿ ಏನಾಯಿತು?" ಎಂದು ನೇರವಾಗಿ ಕೇಳಿದರೆ ಆ ವಿಲೀನವನ್ನು ನೆನೆಯುವ ಸೆಪ್ಟೆಂಬರ್ 17ರ ಭಾಷಣಗಳಲ್ಲಿ ಕೇಳಿದ್ದನ್ನೇ ಹಿರಿಯರು ಹೇಳಿಬಿಡುತ್ತಾರೆ. ಶಾಲೆಯಲ್ಲಿ ಉರ್ದು ಕಲಿತದ್ದು, ಸಂತೆಯಲ್ಲಿ ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾ ರೂಪಾಯಿ ನಡೆಯುತ್ತಿದ್ದುದು, ಊರು ಬಿಟ್ಟಾಗ ಯಾರ ಮನೆಯಲ್ಲಿ ಉಳಿದಿದ್ದರು ಎಂಬುದು, ಇಂಥವುಗಳಿಂದ ಮಾತು ತೆಗೆದರೆ ಅವರದೇ ನೆನಪು ಹೊರಬರುತ್ತದೆ. ರಜಾಕಾರರ ಹಾವಳಿಯಲ್ಲಿ ನೊಂದವರ ಮಾತನ್ನೂ ಕಾರ್ಯಾಚರಣೆಯ ನಂತರದ ಹಿಂಸೆಯಲ್ಲಿ ನೊಂದ ಮುಸ್ಲಿಂ ಕುಟುಂಬಗಳ ಮಾತನ್ನೂ ಸಮಾನ ಶ್ರದ್ಧೆಯಿಂದ ದಾಖಲಿಸಬೇಕು. ಇದರಲ್ಲಿ ರಾಜಿ ಸಲ್ಲದು. ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಧ್ವನಿಮುದ್ರಣದ ಪ್ರತಿಯನ್ನು ಮನೆಯವರಿಗೆ ಕೊಡಿ, ಅವರ ದಖನಿಯನ್ನಾಗಲಿ (ಈ ಭಾಗದ ಆಡುಮಾತಿನ ಉರ್ದು) ನಮ್ಮ ಭಾಗದ ಕನ್ನಡವನ್ನಾಗಲಿ ಪುಸ್ತಕದ ಭಾಷೆಗೆ ತಿದ್ದಬೇಡಿ.

ಜೊತೆಗೆ ಉರ್ದು ಲಿಪಿ ಕಲಿಯಿರಿ. ನಿಜಾಮರ ಆಡಳಿತದಲ್ಲಿ ಕಚೇರಿಯ ಭಾಷೆ ಉರ್ದುವಾಗಿದ್ದರಿಂದ ಎಷ್ಟೋ ಮನೆಗಳ ಹಳೆಯ ಜಮೀನಿನ ಕಾಗದಗಳು ಅದರಲ್ಲಿಯೇ ಇವೆ, ಮನೆಯವರಿಗೆ ಓದಲು ಬರುವುದಿಲ್ಲ.

ಶಾಸನಗಳ ಚಿತ್ರ ತೆಗೆಯುವುದಾದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆಯಿರಿ. ಅಕ್ಷರಗಳ ತಗ್ಗಿನಲ್ಲಿ ನೆರಳು ನಿಂತು ಸವೆದ ಸಾಲು ಕೂಡ ಕಾಣಿಸುತ್ತದೆ. ಸುಣ್ಣ, ಎಣ್ಣೆ ಬಳಿಯಬೇಡಿ. ಸಂರಕ್ಷಿತ ಸ್ಮಾರಕದಲ್ಲಿ ಶಾಸನದ ಪಡಿಯಚ್ಚು (ಕಲ್ಲಿನ ಮೇಲೆ ಕಾಗದ ಒತ್ತಿ ಅಕ್ಷರಗಳ ಅಚ್ಚು) ತೆಗೆಯಲು ಪುರಾತತ್ವ ಇಲಾಖೆಯ ಅನುಮತಿ ಬೇಕು.

ಪ್ರಶ್ನೆ (ಬೀದರ್‌ನಿಂದ): ಮೇಡಂ, ಇದಕ್ಕೆಲ್ಲ ಸಂಬಳವಿಲ್ಲದೆ ದುಡಿಯಬೇಕೇ? ನಾನು ಪಾರಂಪರಿಕ ನಡಿಗೆಗಳನ್ನು ಏರ್ಪಡಿಸಬೇಕೆಂದಿದ್ದೇನೆ.

ಉತ್ತರ: ಕಲಿಕೆಗಾಗಿ ನೀವೇ ಆರಿಸಿಕೊಂಡ ಕೆಲಸ ಬೇರೆ. ಒಂದು ಸಂಸ್ಥೆ ನಿಮ್ಮ ಬರಹ, ಚಿತ್ರ, ಸಂದರ್ಶನಗಳನ್ನು ಬಳಸುವುದಾದರೆ ಗೌರವಧನ ಎಷ್ಟು, ನಿಮ್ಮ ಹೆಸರು ಎಲ್ಲಿ ಬರುತ್ತದೆ ಎಂಬುದನ್ನು ಮೊದಲೇ ಬರಹದಲ್ಲಿ ಕೇಳಿ. ತಿಂಗಳುಗಟ್ಟಲೆ ಪುಕ್ಕಟೆ ದುಡಿಸಿಕೊಂಡರೆ ಈ ಕ್ಷೇತ್ರ ಅನುಕೂಲಸ್ಥರ ಮಕ್ಕಳಿಗಷ್ಟೇ ಉಳಿಯುತ್ತದೆ, ಅದು ಅನ್ಯಾಯ.

ನಡಿಗೆಗೆ ಕೋಟೆಯೊಂದನ್ನೇ ನೆಚ್ಚಬೇಡಿ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗಾವಾನನು 1472ರಲ್ಲಿ ಕಟ್ಟಿಸಿದ ಮದರಸಾ ಮತ್ತು ನೌಬಾದಿನ ಸುರಂಗ ಬಾವಿ, ಅಂದರೆ ನೆಲದಡಿಯ ಕಾಲುವೆಯಲ್ಲಿ ನೀರು ತರುವ ಕರೇಜ್, ಇವೆರಡರಲ್ಲಿ ನೀರು ಮತ್ತು ವಿದ್ಯೆಯ ಕಥೆ ದೊಡ್ಡದಿದೆ. ಪ್ರವಾಸಿಗರನ್ನು ಕರೆದೊಯ್ಯುವ ಮುನ್ನ ಅದೇ ಓಣಿಯ ಶಾಲಾಮಕ್ಕಳೊಂದಿಗೆ ಒಮ್ಮೆ ನಡೆಯಿರಿ. ನಿಮ್ಮ ಮಾತು ಎಲ್ಲಿ ಅರ್ಥವಾಗುತ್ತಿಲ್ಲ ಎಂಬುದು ಅವರ ಪ್ರಶ್ನೆಗಳಿಂದ ತಿಳಿಯುತ್ತದೆ.