ಲೈಲಾಳ ಭುಜ, ಚಿಕ್ಕಪ್ಪನ ಸಿಟ್ಟು

ಭಾನುವಾರ ಮಧ್ಯಾಹ್ನ, ಊಟ ಮುಗಿದು ಎಲ್ಲರೂ ಅಡ್ಡಾಗುವ ಹೊತ್ತು. ಅಕ್ಕ ಮನೆ ಗುಂಪಿಗೆ ಒಂದು ವಿಡಿಯೋ ತುಣುಕು ಹಾಕಿದಳು. ಆಮೇಲೆ ಕಾಫಿ ಹೊತ್ತಿನವರೆಗೆ ಯಾರೂ ಮಲಗಲಿಲ್ಲ.

ಅಕ್ಕ: ಮಗಳು ರಜೆಯಲ್ಲಿ ಇದಕ್ಕೇ ಅಂಟಿಕೊಂಡಿದ್ದಾಳೆ. 'ಕಲೈಡೋ ಸ್ಟಾರ್' ಅಂತ, ಜಪಾನಿನ ಅನಿಮೆ, ಅಂದರೆ ಕಾರ್ಟೂನ್ ಸೀರಿಯಲ್. ಸರ್ಕಸ್ ಹುಡುಗಿಯರ ಕಥೆ. ನನಗೂ ಕಣ್ಣಲ್ಲಿ ನೀರು ಬಂತು 😭

ಚಿಕ್ಕಪ್ಪ: ನೋಡಿದೆ. ಆ ಹೊಂಬಣ್ಣದ ಕೂದಲಿನ ಹುಡುಗಿ ಯಾಕೆ ಭುಜ ಹಿಡಿದುಕೊಳ್ಳುತ್ತಾಳೆ?

ಅಕ್ಕ: ಅವಳು ಲೈಲಾ. ಅಲ್ಲಿಯ ದೊಡ್ಡ ಸ್ಟಾರ್. ಅಭ್ಯಾಸ ಮಾಡುವಾಗ ಭುಜಕ್ಕೆ ಪೆಟ್ಟು ಬಿದ್ದಿರುತ್ತದೆ. ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿರುತ್ತಾಳೆ.

ಚಿಕ್ಕಪ್ಪ: ಇದಕ್ಕೆ ಅಳುವುದಾ? ಬೈಯಬೇಕು!

(ಚಿಕ್ಕಪ್ಪ ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವರು. ಸೀಟಿ ಇನ್ನೂ ದೇವರ ಮನೆಯ ಮೊಳೆಗೆ ನೇತಾಡುತ್ತಿದೆ.)

ತಮ್ಮ: ಚಿಕ್ಕಪ್ಪ, ಎರಡು ನಿಮಿಷ ನೋಡಿ ತೀರ್ಪು ಕೊಡಬೇಡಿ. 51 ಕಂತು ಇದೆ. 2003ರ ಏಪ್ರಿಲ್‌ನಲ್ಲಿ ಶುರುವಾಗಿ ಒಂದು ವರ್ಷ ಟಿವಿಯಲ್ಲಿ ಬಂದಿದೆ. ಕಥಾನಾಯಕಿ ಸೋರಾ ಜೊತೆ ಉಯ್ಯಾಲೆಯ ಮೇಲೆ ಮಹಾ ಕಸರತ್ತು ಮಾಡಿ ತೋರಿಸಿದ ಮೇಲೆ ಲೈಲಾ ಆ ಭುಜದಿಂದಲೇ ವೇದಿಕೆ ಬಿಡುತ್ತಾಳೆ. ಕಥೆಯ ಮೊದಲರ್ಧ ಮುಗಿಯುವುದೇ ಅಲ್ಲಿಗೆ, 26ನೇ ಕಂತಿಗೆ. ತಪ್ಪಿಗೆ ಬೆಲೆ ಕೊಟ್ಟಳಲ್ಲ?

ಚಿಕ್ಕಪ್ಪ: ಬೆಲೆ ಕೊಟ್ಟಳು, ಚಪ್ಪಾಳೆಯನ್ನೂ ತಗೊಂಡಳು. ಮಕ್ಕಳಿಗೆ ನೆನಪಿರುವುದು ಚಪ್ಪಾಳೆ. ನನ್ನ ಹತ್ತಿರ ಒಬ್ಬ ಕಬಡ್ಡಿ ಹುಡುಗ ಇದ್ದ. ಭುಜ ಜಾರಿದ್ದನ್ನು ಹೇಳದೆ ಫೈನಲ್ ಆಡಿದ, ಗೆದ್ದ. ಈಗ ಅವನಿಗೆ ಮಗಳ ಮದುವೆ ವಯಸ್ಸು, ಅಟ್ಟದಿಂದ ಒಂದು ಡಬ್ಬ ಇಳಿಸಲು ಹೆಂಡತಿಯನ್ನು ಕರೆಯುತ್ತಾನೆ.

ಅತ್ತೆ: ಮೊಮ್ಮಗಳ ಪಕ್ಕ ಕೂತು ನಾನೂ ಹತ್ತು ಕಂತು ನೋಡಿದೆ. ಆ ಸೋರಾ ಪಾಪ, ಸರ್ಕಸ್ ಸೇರಲು ಜಪಾನಿಂದ ಅಮೆರಿಕಕ್ಕೆ ಬಂದರೆ, ತಡ ಮಾಡಿದೆ ಅಂತ ಬಾಗಿಲಲ್ಲೇ ವಾಪಸ್ ಕಳಿಸುವವಳು ಈ ಲೈಲಾನೇ. ಆಮೇಲೆ ಅವಳನ್ನೇ ಜೊತೆ ಮಾಡಿಕೊಳ್ಳುತ್ತಾಳೆ ಅಂತ ಹುಡುಗಿ ಹೇಳಿದಳು. ನಮ್ಮ ಮನೆ ಓರಗಿತ್ತಿಯರ ಹಾಗೇ ಇದೆ 😄

ಚಿಕ್ಕಮ್ಮ: ಯಾವ ಓರಗಿತ್ತಿ? ಹೆಸರು ಹೇಳಿ ಅತ್ತಿಗೆ.

(ಇಲ್ಲಿ ಹನ್ನೆರಡು ಮೆಸೇಜ್ ಬೇರೆ ವಿಷಯಕ್ಕೆ ಹೋದವು. ಹಾಕುವುದಿಲ್ಲ.)

ತಮ್ಮ: ಸರ್ಕಸ್‌ಗೆ ಬನ್ನಿ. ಎರಡನೇ ಅರ್ಧದಲ್ಲಿ ಪ್ಯಾರಿಸ್‌ನಲ್ಲಿ ಸರ್ಕಸ್ ಉತ್ಸವ. ಗೆಲ್ಲಬೇಕು ಅಂತ ಒಬ್ಬರಿಗೊಬ್ಬರು ಕತ್ತಿ ಮಸೆಯುವುದನ್ನು ನೋಡಿ ಸೋರಾಗೆ ಬೇಸರ ಆಗುತ್ತದೆ. ಪೈಪೋಟಿ ಇಲ್ಲದ ವೇದಿಕೆ ಬೇಕು ಅಂತ ಹಿಂದೆ ಸರಿಯುತ್ತಾಳೆ. ಅಂದಮೇಲೆ ಏನೇ ಆದರೂ ಗೆಲ್ಲು ಅಂತ ಈ ಸೀರಿಯಲ್ ಎಲ್ಲಿ ಹೇಳಿತು?

ಚಿಕ್ಕಪ್ಪ: ಆಟ ಅಂದಮೇಲೆ ಪೈಪೋಟಿ ಇರಲಿ ಮಾರಾಯ, ಅದಕ್ಕೆ ನನ್ನ ತಕರಾರಿಲ್ಲ. ನನ್ನ ಮಾತು ಬೇರೆ. ಇದು ಒಬ್ಬರೇ ಓಡುವ ಓಟ ಅಲ್ಲ. ಉಯ್ಯಾಲೆಯ ಮೇಲೆ ಇಬ್ಬರಿದ್ದಾರೆ. ಒಬ್ಬಳು ಕೈ ಬಿಟ್ಟು ಗಾಳಿಯಲ್ಲಿರುವಾಗ ಇನ್ನೊಬ್ಬಳ ಭುಜ ಕೈಕೊಟ್ಟರೆ? ತನ್ನ ನೋವು ತನಗೆ ಅನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ.

ತಮ್ಮ ಐದು ನಿಮಿಷ ಏನೋ ಟೈಪ್ ಮಾಡಿದ, ಅಳಿಸಿದ. ನನಗೂ ಉತ್ತರ ಹೊಳೆಯಲಿಲ್ಲ. ಚಿಕ್ಕಪ್ಪನನ್ನು ಒಪ್ಪುವುದು ನಮ್ಮ ಮನೆಯಲ್ಲಿ ಅಷ್ಟು ಸುಲಭ ಅಲ್ಲ.

ನಾನು: ನೋಡುತ್ತಿರುವವಳನ್ನೇ ಕೇಳಿ ಅಲ್ವಾ? ಸುಮ್ನೆ ನಾವು ಕಿತ್ತಾಡುವುದೇಕೆ?

ಅಕ್ಕನ ಫೋನಿನಿಂದ ವಾಯ್ಸ್ ಮೆಸೇಜ್ ಬಂತು. ಒಂಬತ್ತು ವರ್ಷದ ಗಂಟಲು, ಬಾಯಲ್ಲಿ ಚಕ್ಕುಲಿ.

"ತಾತ, ನಾನಾಗಿದ್ದರೆ ಸೋರಾಗೆ ಹೇಳುತ್ತಿದ್ದೆ. ಅಮ್ಮನಿಗೆ ಮಾತ್ರ ಹೇಳುತ್ತಿರಲಿಲ್ಲ. ಅಮ್ಮ ಶೋನೇ ನಿಲ್ಲಿಸಿಬಿಡುತ್ತಾಳೆ."

ಅಕ್ಕ: ಏನು ಹೇಳಿಲ್ಲ ನನಗೆ?? ಮೊನ್ನೆ ದಿವಾನದ ಮೇಲಿಂದ ಧೊಪ್ ಅಂತ ಸದ್ದು ಬಂದಿತ್ತು!

ಚಿಕ್ಕಪ್ಪ: ಬೈಯಬೇಡ. ಎರಡೂ ಕೈ ಕಿವಿಗೆ ತಾಗುವ ಹಾಗೆ ನೇರ ಮೇಲೆತ್ತಲು ಹೇಳು. ವಿಡಿಯೋ ಮಾಡಿ ಹಾಕು. ಈಗಲೇ.